ಒದ್ದೆ ಅಂಚಿನ ಹೂಜಿ

ಹೂಜಿ ಗಿಡದ ಹೂಜಿ ಹೂವೂ ಅಲ್ಲ, ಕಾಯಿಯೂ ಅಲ್ಲ. ಎಲೆಯ ತುದಿ. ಇದನ್ನು ನಂಬಿಸಬೇಕಾದರೆ ಬಂದವರ ಬೆರಳನ್ನು ಎಲೆಯ ಬುಡದಲ್ಲಿ ಇಡಿಸಿ, ಅಲ್ಲಿಂದ ನಿಧಾನಕ್ಕೆ ಮುಂದೆ ಕರೆದುಕೊಂಡು ಹೋಗಬೇಕು. ಅಗಲವಾದ ಹಸಿರು ಭಾಗ ಮುಗಿದ ಮೇಲೂ ನಡುನರ ಅಲ್ಲಿಗೇ ನಿಲ್ಲುವುದಿಲ್ಲ. ತೆಳ್ಳಗಾಗುತ್ತಾ ಗೇಣುದ್ದ ಮುಂದುವರಿದು ಕೆಳಕ್ಕೆ ಜೋಲುತ್ತದೆ. ಅದರ ಕೊನೆಯಲ್ಲಿ ಕಂದು ರೋಮ ಮುಚ್ಚಿದ ಸಣ್ಣದೊಂದು ಗಂಟು. ಕೆಳಗೆ ಜೋತ ಆ ಗಂಟು ಒಂದು ದಿನ ಮೇಲಕ್ಕೆ ಮುಖ ತಿರುಗಿಸುತ್ತದೆ. ಅಲ್ಲಿಂದ ಕೆಲವು ವಾರ ಅದಕ್ಕೆ ಉದ್ದವಾಗುವುದೇ ಕೆಲಸ. ಮೊದಲು ಚಪ್ಪಟೆ, ಆಮೇಲೆ ಬುಡದಿಂದ ಉಬ್ಬು, ಕೊನೆಗೆ ಬಾಯಿ. ಅಷ್ಟು ಹೊತ್ತೂ ಮುಚ್ಚಳ ಬಾಯಿಗೆ ಅಂಟಿಕೊಂಡೇ ಇರುತ್ತದೆ.

ನನಗೆ ಈ ಗಿಡದಲ್ಲಿ ತೀರಾ ಇಷ್ಟವಾದ ಗಳಿಗೆ ಮುಚ್ಚಳ ಏಳುವ ಆ ಬೆಳಗ್ಗೆ. ಬಾಯಿ ತೆರೆದ ಹೂಜಿಯೊಳಗೆ ಬಗ್ಗಿ ನೋಡಿದರೆ ಆಗಲೇ ಎರಡು ಬೆರಳಷ್ಟು ನೀರು. ರಾತ್ರಿ ಮಳೆ ಬಂದಿಲ್ಲ, ನಾವೂ ಸುರಿದಿಲ್ಲ. ಬೀಗ ಹಾಕಿದ ಮನೆಯೊಳಗೆ ಗಿಡವೇ ಕೂಡಿಸಿಟ್ಟುಕೊಂಡ ನೀರು ಅದು. ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಬಿಡಿಸಿದರೆ ಸಣ್ಣ ಎಳೆ ಏಳುತ್ತದೆ. ಹೂಜಿ ಗಿಡದ ರಸದ ಈ ಜಿಗುಟನ್ನು ಫ್ರಾನ್ಸಿನ ಲಾರೆನ್ಸ್ ಗೋಮ್ ಮತ್ತು ಯೋಯೆಲ್ ಫೋರ್ಟೆರ್ 2007ರಲ್ಲಿ ಅಳೆದು ನೋಡಿದರು. ಅವರು ನೋಡಿದ ಬೋರ್ನಿಯೋದ ಜಾತಿಯಲ್ಲಿ, ಮಳೆ ನೀರು ಬೆರೆತು ರಸ ಬಹಳ ತೆಳುವಾದ ಮೇಲೂ ಆ ಎಳೆಯ ಗುಣ ಉಳಿದಿತ್ತು. ಬಿದ್ದ ನೊಣ ರೆಕ್ಕೆ ಬಡಿದಷ್ಟೂ ಎಳೆಗಳು ಅದನ್ನು ಹಿಂದಕ್ಕೆ ಜಗ್ಗುತ್ತವೆ. ಸುಮ್ಮನಿದ್ದರೆ ಅದು ಬರೀ ನೀರು.

ಮುಚ್ಚಳದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ನಮ್ಮ ಕಟ್ಟಡದ ಮಕ್ಕಳೆಲ್ಲ ಅದನ್ನೇ ಕಾಯುತ್ತಾ ನಿಲ್ಲುತ್ತಾರೆ. "ಆಂಟಿ, ಯಾವಾಗ ಮುಚ್ಚುತ್ತೆ?" ಎಂದು ಕೇಳುತ್ತಾರೆ. ಅದು ಮುಚ್ಚುವುದಿಲ್ಲ ಕಣ್ರೋ, ಒಮ್ಮೆ ತೆರೆದರೆ ಮುಗಿಯಿತು. ಕಾರ್ಟೂನಿನ ಹಲ್ಲುಗಿಡಗಳನ್ನು ನೋಡಿ ಬಂದ ಕಣ್ಣಿಗೆ ಇದು ಮೋಸ ಅನ್ನಿಸುತ್ತದೆ. ಮುಚ್ಚಳ ಬಾಯಿಯ ಮೇಲೆ ಓರೆಯಾಗಿ ನಿಂತು ಮಳೆಯನ್ನು ತಡೆಯುತ್ತದೆ, ಒಳಮೈಯಲ್ಲಿ ಮಕರಂದ ಜಿನುಗಿಸುತ್ತದೆ. ಹೆಚ್ಚಿನ ಜಾತಿಗಳಲ್ಲಿ ಅದರ ಪಾತ್ರ ಇಷ್ಟೇ. ಹಾಗೆಂದು ಎಲ್ಲ ಮುಚ್ಚಳಗಳೂ ಸಾಧುವಲ್ಲ. ಹೂಜಿ ಗಿಡಗಳ ನೆಪೆಂಥಿಸ್ ಕುಲದಲ್ಲಿ ಗ್ರಾಸಿಲಿಸ್ ಎಂಬ ಜಾತಿಯ ಮುಚ್ಚಳದ ಅಡಿಯಲ್ಲಿ ಮೇಣದ ಹರಳುಗಳ ಪದರವಿದೆ. ಮಳೆ ಬಂದಾಗ ಇರುವೆ ಅದರಡಿ ತಲೆಕೆಳಗಾಗಿ ಆಸರೆ ಪಡೆಯುತ್ತದೆ. ಮೇಲೆ ಒಂದು ಹನಿ ಬಿದ್ದರೆ ಸಾಕು, ಆ ಪೆಟ್ಟಿಗೆ ಮುಚ್ಚಳ ನಡುಗಿ ಇರುವೆ ನೇರ ಹೊಂಡಕ್ಕೆ. ಉಲ್ರಿಕೆ ಬಾವರ್ ಮತ್ತು ಅವರ ಜೊತೆಗಾರರು ಇದನ್ನು 2012ರಲ್ಲಿ ಪ್ರಕಟಿಸಿದಾಗ ನನಗೆ ಹೊಳೆದದ್ದು: ಬೇಟೆಗೆ ಬೇಕಾದ ಕಸುವನ್ನೂ ಈ ಗಿಡ ಮಳೆಯಿಂದಲೇ ಸಾಲ ತಂದಿದೆ.

ಈಗ ಅಂಚಿಗೆ ಬರೋಣ. ಹೂಜಿಯ ಬಾಯಿಯ ಸುತ್ತ ಹೊರಕ್ಕೂ ಒಳಕ್ಕೂ ಮಡಚಿಕೊಂಡ, ಹೊಳೆಯುವ ಆ ಬಳೆ. ಬಾಯಿ ತೆರೆದ ದಿನ ಅದು ಎಳೆ ಹಸಿರು, ನೋಡಲು ಸಾಧಾರಣ. ಮಾರನೆಯ ದಿನದಿಂದ ಅಗಲವಾಗುತ್ತಾ ಹೊರಕ್ಕೆ ಸುರುಳಿಗೊಳ್ಳುತ್ತದೆ, ಬಣ್ಣ ಏರುತ್ತದೆ. ನಮ್ಮ ಗಿಡದಲ್ಲಿ ಅದು ತಾಮ್ರಗೆಂಪಿಗೆ ಬಂದು ನಿಲ್ಲುತ್ತದೆ. ಭೂತಕನ್ನಡಿ ಹಿಡಿದರೆ ಅಂಚಿನ ಮೇಲೆಲ್ಲ ಒಳಮುಖವಾಗಿ ಹರಿಯುವ ಗೆರೆಗಳು. ಒಂದೊಂದು ಗೆರೆಯ ಮೈಮೇಲೆ ಇನ್ನೂ ಸಣ್ಣ ಗೆರೆಗಳು. ಅವನ್ನು ನೋಡಲು ನನ್ನ ಗಾಜು ಸಾಲದು, ಸೂಕ್ಷ್ಮದರ್ಶಕವೇ ಬೇಕು. ಗೆರೆಗಳ ಒಳತುದಿಗಳ ನಡುವೆ ಮಕರಂದ ಒಸರುವ ರಂಧ್ರಗಳು. ಅತಿ ಸಿಹಿ ಇರುವುದು ಅತಿ ಅಪಾಯದ ಜಾಗದಲ್ಲೇ.

ಇಷ್ಟು ಕುಸುರಿ ಯಾಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಈ ಶತಮಾನದಲ್ಲಿ. ಒಳಗೋಡೆಯ ಮೇಣದಿಂದಲೇ ಹುಳುಗಳು ಜಾರುತ್ತವೆ ಎಂದು ಬಹುಕಾಲ ನಂಬಿದ್ದರು. 2004ರಲ್ಲಿ ಹೋಲ್ಗರ್ ಬೋನ್ ಮತ್ತು ವಾಲ್ಟರ್ ಫೆಡರ್ಲೆ ತೋರಿಸಿಕೊಟ್ಟಂತೆ, ಜಾರಿಸುವುದು ಅಂಚಿನ ಮೇಲೆ ಹರಡಿದ ನೀರಿನ ಪದರ. ಆ ಗೆರೆಗಳ ಮೇಲೆ ಬಿದ್ದ ನೀರು ಹನಿಯಾಗಿ ನಿಲ್ಲುವುದಿಲ್ಲ, ತಕ್ಷಣ ಹರಡಿ ತೆಳುವಾದ ಹೊದಿಕೆಯಾಗುತ್ತದೆ. ಮಳೆಯಲ್ಲಿ ಒದ್ದೆ ರಸ್ತೆಯ ಮೇಲೆ ವೇಗದ ಕಾರಿನ ಟೈರಿಗೂ ನೆಲಕ್ಕೂ ನಡುವೆ ನೀರು ನುಗ್ಗಿದಾಗ ಆಗುವುದೇ ಇರುವೆಯ ಪಾದಕ್ಕೂ ಆಗುತ್ತದೆ: ಹಿಡಿತವೇ ಇಲ್ಲ. ಅಂಚು ಒಣಗಿದ್ದರೆ? ಏನೂ ಆಗುವುದಿಲ್ಲ. ಇರುವೆ ಆರಾಮಾಗಿ ಓಡಾಡುತ್ತದೆ.

ಇದನ್ನು ನೋಡುವುದಕ್ಕೆ ಬೋರ್ನಿಯೋಗೆ ಹೋಗಬೇಕಿಲ್ಲ. ಮಾರ್ಚ್ ತಿಂಗಳ ಮಧ್ಯಾಹ್ನ ನಮ್ಮ ಬಾಲ್ಕನಿಯಲ್ಲಿ ಗೋಡೆಯ ಬಿರುಕಿನಿಂದ ಹೊರಟ ಕಪ್ಪಿರುವೆಯ ಸಾಲು ತೂಗುಕುಂಡದ ಸರಪಳಿ ಇಳಿದು, ಎಲೆ ದಾಟಿ, ಹೂಜಿಯ ಅಂಚಿಗೆ ಬರುತ್ತದೆ. ಬಂದು, ಗೆರೆಗಳ ನಡುವೆ ತಲೆಯಿಟ್ಟು ಕುಡಿದು, ಎದುರು ಬಂದವರ ಮೀಸೆ ತಾಗಿಸಿ ವಾಪಸು ಹೋಗುತ್ತದೆ. ಹೊಂಡದ ಬಾಯಲ್ಲೇ ಜಾತ್ರೆ, ಒಂದೂ ಬೀಳುವುದಿಲ್ಲ. ಸ್ಪ್ರೇ ಬಾಟಲಿಯಿಂದ ಅಂಚಿನ ಒಂದು ಬದಿಗೆ ಮಾತ್ರ ನೀರು ಹೊಡೆದು ನೋಡಿ. ಒಣ ಬದಿಯಲ್ಲಿ ಅದೇ ಓಡಾಟ. ಒದ್ದೆ ಬದಿಗೆ ಕಾಲಿಟ್ಟ ಇರುವೆ ಮಾತ್ರ ಇದ್ದಕ್ಕಿದ್ದಂತೆ ಕಾಣೆ. ಬೀಳುವುದು ಕಾಣುವುದೇ ಇಲ್ಲ, ಇತ್ತು, ಇಲ್ಲ.

ಹಾಗಾದರೆ ಒಣಗುವುದು ಗಿಡಕ್ಕೆ ನಷ್ಟವಲ್ಲವೇ? ದಿನದ ಎಷ್ಟೋ ಹೊತ್ತು ಬೋನು ಕೆಲಸವನ್ನೇ ಮಾಡದಿದ್ದರೆ? ಬಾವರ್ ಅವರ ತಂಡ 2015ರಲ್ಲಿ ಕೇಳಿಕೊಂಡದ್ದು ಇದನ್ನೇ. ಬೋರ್ನಿಯೋದಲ್ಲಿ ಕೆಲವು ಹೂಜಿಗಳ ಅಂಚಿಗೆ ಹನಿ ಹನಿಯಾಗಿ ನೀರು ಬಿಟ್ಟು ಸದಾ ಒದ್ದೆಯಿಟ್ಟರು, ಉಳಿದವನ್ನು ಅವುಗಳ ಪಾಡಿಗೆ ಬಿಟ್ಟರು. ಇರುವೆಗಳ ದೊಡ್ಡ ದಂಡು ಒಟ್ಟಿಗೆ ಬೀಳುವ ಭಾಗ್ಯ ಒಣಗಿ ಒದ್ದೆಯಾಗುವ ಹೂಜಿಗಳದು. ಮೊದಲು ಬಂದ ಇರುವೆಯನ್ನು ಅಲ್ಲೇ ನುಂಗಿದರೆ ಲೆಕ್ಕ ಒಂದಕ್ಕೆ ಮುಗಿಯಿತು. ಅದು ಕುಡಿದು ಕ್ಷೇಮವಾಗಿ ಗೂಡಿಗೆ ಹೋಗಿ ಸುದ್ದಿ ಮುಟ್ಟಿಸಿದರೆ ಬಳಗವೆಲ್ಲ ಹೊರಡುತ್ತದೆ. ಅಷ್ಟರಲ್ಲಿ ಸಂಜೆಯ ತೇವ ಇಳಿದಿರುತ್ತದೆ. ಹಿಡಿಯುವ ಗಿಡ ಎಂದು ನಾವು ಹೊಗಳುವ ಇದರ ನಿಜವಾದ ಕೈಚಳಕ ಬಿಟ್ಟು ಕಳಿಸುವುದರಲ್ಲಿದೆ. ಯೋಚಿಸಿ ಮಾಡಿದ್ದಲ್ಲ, ಸರಿ. ಯೋಚಿಸದೆ ಇಷ್ಟು ಚೆನ್ನಾಗಿ ಮಾಡಿದ್ದಕ್ಕೇ ನನಗೆ ಇದರ ಮೇಲೆ ಇನ್ನಷ್ಟು ಗೌರವ.

ಬೆಂಗಳೂರಿನ ಹವೆ ಈ ಗಿಡಕ್ಕೆ ಅರ್ಧ ಮಿತ್ರ. ನರ್ಸರಿಗಳಲ್ಲಿ ಸಾಮಾನ್ಯವಾಗಿ ಸಿಗುವವು ಮಿಶ್ರತಳಿಗಳು. ಅವುಗಳಲ್ಲಿ ಜಗತ್ತಿನಲ್ಲೆಲ್ಲ ಹೆಚ್ಚು ಮಾರಾಟವಾಗುವ ವೆಂಟ್ರಾಟ ಫಿಲಿಪೀನ್ಸಿನ ಬೆಟ್ಟದ ಜಾತಿಗಳ ಸಂತಾನ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ನಮ್ಮೂರು, ಅದರ ತಂಪು ರಾತ್ರಿಗಳು ಇವಕ್ಕೆ ಹಿತ. ಹಿತವಿಲ್ಲದ್ದು ಫೆಬ್ರವರಿಯಿಂದ ಮೇವರೆಗಿನ ಒಣಗಾಳಿ. ಆಗ ಕುಡಿಯ ತುದಿಯ ಗಂಟುಗಳು ಉಬ್ಬದೆ ಕರಟುತ್ತವೆ, ಇದ್ದ ಹೂಜಿಗಳ ಮುಚ್ಚಳ ಕಂದಾಗುತ್ತದೆ. ಜೂನ್ ಬಂದು, ಮಾಗಡಿ ರಸ್ತೆಯ ಕಡೆಯಿಂದ ಮೋಡ ಏರತೊಡಗಿದ ಮೇಲೆ ಗಿಡ ಚೇತರಿಸಿಕೊಳ್ಳುತ್ತದೆ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ನೋಡಬೇಕು, ಎಲೆಗೊಂದು ಹೂಜಿ.

ನೀರಿನದೇ ದೊಡ್ಡ ಪೇಚು. ಈ ಗಿಡ ಹುಟ್ಟಿದ್ದು ಸತ್ವ ತೊಳೆದುಹೋದ ನೆಲದಲ್ಲಿ. ಬೇರಿಗೆ ಲವಣ ಸೇರದು. ಬೋರ್‌ವೆಲ್ ನೀರು ಹಾಕಿದರೆ ಎಲೆಯ ಅಂಚು ಸುಡುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ವಿಜಯನಗರ, ನಾಗರಬಾವಿ, ಕೆಂಗೇರಿಯ ಕಡೆಯವರೆಲ್ಲ ಟ್ಯಾಂಕರಿಗೆ ಕಾದು ಕೂತಿದ್ದಾಗ, ತಾರಸಿಯಿಂದ ಹಿಡಿದಿಟ್ಟ ಮಳೆ ನೀರಿನ ಕ್ಯಾನನ್ನು ಒಂದು ತೂಗುಕುಂಡಕ್ಕಾಗಿ ಬಚ್ಚಿಟ್ಟುಕೊಂಡವಳು ನಾನು. ಮನೆಯಲ್ಲಿ ಅದಕ್ಕೆ ಬೈಸಿಕೊಂಡೂ ಇದ್ದೇನೆ. ಗೊಬ್ಬರ ಅಂತೂ ಬೇಡವೇ ಬೇಡ. ಎದುರು ಮನೆಯ ಯಜಮಾನರು ಪ್ರೀತಿಯಿಂದ ಕೊಟ್ಟ ಎರೆಗೊಬ್ಬರವನ್ನು ಗುಲಾಬಿಗೆ ಹಾಕಿ, ಇದಕ್ಕೇ ಹಾಕಿದೆ ಎಂದಿದ್ದೇನೆ. ಬೇರಿನಲ್ಲಿ ಸಾರಜನಕ ಧಾರಾಳವಾದರೆ ಎಲೆಗಳು ಮಾತ್ರ ದೊಡ್ಡವಾಗುತ್ತವೆ, ಹೂಜಿ ಕಡಿಮೆಯಾಗುತ್ತದೆ. ಹೊಟ್ಟೆ ತುಂಬಿದವರು ಕುಶಲಕಲೆಯನ್ನು ಬಿಡುವುದು ಗಿಡಗಳಲ್ಲೂ ಇದೆ. ತೊಳೆದು ಉಪ್ಪು ಬಿಡಿಸಿದ ಕೋಕೋಪೀಟ್, ಒಂದಿಷ್ಟು ಪರ್ಲೈಟ್, ಬೆಳಗಿನ ಎಳೆಬಿಸಿಲು, ಮಳೆ ನೀರು. ಅಷ್ಟೇ.

ಡೆಂಗಿ ಕಾಲದಲ್ಲಿ ಇದನ್ನು "ಸೊಳ್ಳೆ ತಿನ್ನುವ ಗಿಡ" ಎಂದು ಮಾರುವುದುಂಟು. ಹಾಗೆಂದು ನಂಬಿ ತಂದವರು ತಿಂಗಳಲ್ಲಿ ಬೇಸರಪಟ್ಟು ಕುಂಡವನ್ನು ಮೆಟ್ಟಿಲ ಕೆಳಗೆ ತಳ್ಳುತ್ತಾರೆ. ಹೂಜಿಯ ಊಟದಲ್ಲಿ ದೊಡ್ಡ ಪಾಲು ಇರುವೆ. ಒಣಗಿದ ಹಳೆಯ ಹೂಜಿಯನ್ನು ಉದ್ದಕ್ಕೆ ಸೀಳಿ ವೃತ್ತಪತ್ರಿಕೆಯ ಮೇಲೆ ಸುರಿದರೆ ಸಿಗುವ ಕಪ್ಪು ಗಸಿಯಲ್ಲಿ ಇರುವೆಯ ತಲೆಗಳು, ಗೊದ್ದದ ಗಟ್ಟಿ ದವಡೆ, ಒಂದೆರಡು ನೊಣದ ರೆಕ್ಕೆ, ಜಿರಳೆಯದೊಂದು ಕಾಲು. ಸೊಳ್ಳೆ ಎಲ್ಲೋ ಅಪರೂಪಕ್ಕೆ. ಮಕ್ಕಳು ಸೊಳ್ಳೆ ಬ್ಯಾಟಿನಿಂದ ಸುಟ್ಟ ಸೊಳ್ಳೆಗಳನ್ನು ಕಾಗದದಲ್ಲಿ ಕಟ್ಟಿ ತಂದು ಒಳಗೆ ಹಾಕುವುದುಂಟು. ಅದನ್ನೂ ಗಿಡ ಬೇಡವೆನ್ನುವುದಿಲ್ಲ. ಕೋಳಿ ಚೂರು ತಂದವನನ್ನು ಮಾತ್ರ ವಾಪಸು ಕಳಿಸಿದೆ. ಅಷ್ಟು ಜೀರ್ಣವಾಗದೆ ಹೂಜಿಯೇ ಕೊಳೆತು ನಾರುತ್ತದೆ.

ಆದರೆ ಅವನ ಕುತೂಹಲಕ್ಕೆ ದೊಡ್ಡ ವಂಶಾವಳಿಯೇ ಇದೆ. ಕ್ಯೂ ಸಸ್ಯೋದ್ಯಾನದ ಮುಖ್ಯಸ್ಥರಾಗಿದ್ದ ಜೋಸೆಫ್ ಡಾಲ್ಟನ್ ಹೂಕರ್ ಮೊಟ್ಟೆಯ ಬಿಳಿ, ಮಾಂಸದ ತುಣುಕುಗಳನ್ನು ಹೂಜಿಗಳಿಗೆ ಹಾಕಿ, ಅವು ಕರಗುವುದನ್ನು ಕಂಡು, 1874ರಲ್ಲಿ ಬೆಲ್‌ಫಾಸ್ಟಿನ ವಿಜ್ಞಾನಿಗಳ ಸಭೆಯಲ್ಲಿ ವಿವರಿಸಿದರು. ಗಿಡ ನಿಜಕ್ಕೂ ಜೀರ್ಣಿಸಿಕೊಳ್ಳುತ್ತದೆ, ಬರೀ ಕೊಳೆಸುವುದಿಲ್ಲ ಎಂಬುದು ಅವರ ವಾದ. ಅದಕ್ಕಿಂತ ಒಂದು ವರ್ಷ ಮೊದಲು, 1873ರಲ್ಲಿ, ಭಾರತದ ಒಂದೇ ಒಂದು ನೆಪೆಂಥಿಸ್ ಜಾತಿಗೆ ಖಾಸಿ ಬೆಟ್ಟಗಳ ಹೆಸರಿಟ್ಟು ನೆಪೆಂಥಿಸ್ ಖಾಸಿಯಾನ ಎಂದು ಕರೆದವರೂ ಅವರೇ. 1850ರಲ್ಲಿ ಆ ಬೆಟ್ಟಗಳನ್ನು ಸ್ವತಃ ಸುತ್ತಿ ಬಂದಿದ್ದರು. ಮೇಘಾಲಯದ ಜರೈನ್, ಬಾಘ್‌ಮಾರಾ ಕಡೆಗಳಲ್ಲಿ ಈಗಲೂ ಅದು ಕಾಡುಗಿಡ. ಗಾರೋ ಜನ ಅದನ್ನು ದೆವ್ವದ ಬುಟ್ಟಿ ಎನ್ನುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ; ಕಿತ್ತು ತರುವಂತಿಲ್ಲ. ಕೇರಳದ ಪಾಲೋಡಿನ ಜವಾಹರಲಾಲ್ ನೆಹರೂ ಉಷ್ಣವಲಯದ ಸಸ್ಯೋದ್ಯಾನದ ವಿಜ್ಞಾನಿಗಳು 2013ರಲ್ಲಿ ಇದೇ ಖಾಸಿಯಾನದ ಮೇಲೆ ಅತಿನೇರಳೆ ಬೆಳಕು ಬಿಟ್ಟಾಗ ಬಾಯಿಯ ಬಳೆ ಮಾತ್ರ ನೀಲಿಯಾಗಿ ಹೊಳೆಯಿತು. ಆ ಚಿತ್ರ ಕಂಡ ಮೇಲೆ, ನಾನು ಕೆಂಪೆಂದು ಕೊಂಡಾಡುವ ಅಂಚು ಹುಳುವಿನ ಕಣ್ಣಿಗೆ ಏನಾಗಿ ಕಾಣುತ್ತಿದೆಯೋ ಎಂದು ಅನುಮಾನ.

ಕನ್ನಡ ನೆಲದ ಕಾಡುಗಳಲ್ಲಿ ಹೂಜಿ ಗಿಡವಿಲ್ಲ. ಆದರೆ ಬಡ ನೆಲದಲ್ಲಿ ಹುಳುವಿನಿಂದ ಬದುಕುವ ಕಸುಬು ನಮ್ಮಲ್ಲೂ ಇದೆ. ಕರಾವಳಿಯ ಮುರಕಲ್ಲಿನ ಬಯಲುಗಳಲ್ಲಿ, ಪಶ್ಚಿಮ ಘಟ್ಟದ ಬಂಡೆಹಾಸುಗಳಲ್ಲಿ ಮಳೆ ಹಿಡಿದಾಗ ಬಗ್ಗಿ ನೋಡಿ. ನೆಲಕ್ಕೆ ಅಂಟಿದ ಕೆಂಪು ಡ್ರೋಸೆರ, ಎಲೆಯ ರೋಮ ರೋಮದ ತುದಿಗೂ ಅಂಟಿನ ಹನಿ. ಪಕ್ಕದಲ್ಲೇ ನೀಲಿ ಹೂವಿನ ಯುಟ್ರಿಕ್ಯುಲೇರಿಯಾ, ಅದರ ಬೋನು ಒದ್ದೆ ಮಣ್ಣಿನೊಳಗೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಚೀಲ. 1860ರಲ್ಲಿ ಇಂಗ್ಲೆಂಡಿನ ಬಯಲೊಂದರಲ್ಲಿ ಡ್ರೋಸೆರ ಕಂಡ ಡಾರ್ವಿನ್ ಹದಿನೈದು ವರ್ಷ ಅದನ್ನು ಬಿಡಲಿಲ್ಲ. ಕೀಟಾಹಾರಿ ಸಸ್ಯಗಳ ಬಗೆಗಿನ ಅವರ ಪುಸ್ತಕ 1875ರದು. ಡ್ರೋಸೆರದ ಬಗ್ಗೆ ನನಗೆ ತಕರಾರಿಲ್ಲ. ಆದರೂ ಅದು ಅಂಟಿಸಿ ಹಿಡಿಯುವ ಗಿಡ. ಹೂಜಿಯ ದಾಕ್ಷಿಣ್ಯ ಅದಕ್ಕಿಲ್ಲ.

ದಾಕ್ಷಿಣ್ಯ ಎಂದದ್ದು ಸುಮ್ಮನೆ ಅಲ್ಲ. ನೂರೈವತ್ತಕ್ಕೂ ಹೆಚ್ಚು ಜಾತಿಗಳಿರುವ ಹೂಜಿ ಗಿಡದ ಕುಲದಲ್ಲಿ ಕೆಲವು ಕೊಲ್ಲುವುದಕ್ಕಿಂತ ಉಪಚರಿಸಿ ಬದುಕುವುದನ್ನು ಕಲಿತಿವೆ. ಬೋರ್ನಿಯೋದ ಎತ್ತರದ ಬೆಟ್ಟಗಳ ನೆಪೆಂಥಿಸ್ ಲೋವಿಯ ಮುಚ್ಚಳದ ಅಡಿ ಸಿಹಿ ರಸ ಜಿನುಗುತ್ತದೆ. ಅಳಿಲನ್ನು ಹೋಲುವ ಟ್ರೀ ಶ್ರೂ ಎಂಬ ಪುಟ್ಟ ಪ್ರಾಣಿ ಹೂಜಿಯ ಬಾಯಿಯ ಮೇಲೇ ಕೂತು ನೆಕ್ಕುತ್ತದೆ. ಕೂತಲ್ಲೇ ಹಿಕ್ಕೆಯನ್ನೂ ಹಾಕುತ್ತದೆ. ದೊಡ್ಡ ಗಿಡಗಳ ಎಲೆಯಲ್ಲಿನ ಸಾರಜನಕದ ಅರ್ಧಕ್ಕೂ ಹೆಚ್ಚು ಈ ಹಿಕ್ಕೆಯದೇ ಎಂದು 2009ರಲ್ಲಿ ಚಾರ್ಲ್ಸ್ ಕ್ಲಾರ್ಕ್ ಮತ್ತು ಸಂಗಡಿಗರು ಲೆಕ್ಕ ಕೊಟ್ಟರು. ಹೆಮ್ಸ್‌ಲೆಯಾನ ಎಂಬ ಜಾತಿ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಹೂಜಿಯೊಳಗೆ ರಸ ಕಡಿಮೆ, ಜಾಗ ಹೆಚ್ಚು. ಹಗಲು ಹೊತ್ತು ಒಂದು ಪುಟ್ಟ ಬಾವಲಿ ಅಲ್ಲಿ ಮಲಗುತ್ತದೆ. ಬಾಯಿಯ ಹಿಂಬದಿಯ ಗೋಡೆ ಬಾವಲಿಯ ಕೂಗನ್ನು ಪ್ರತಿಧ್ವನಿಸಿ ಮನೆಯ ವಿಳಾಸ ಹೇಳುವಂತಿದೆ. ಬಾಡಿಗೆಯ ಲೆಕ್ಕ ಇಲ್ಲೂ ಅದೇ, ಹಿಕ್ಕೆ. ಬೈಕಾಲ್ಕರಾಟ ಎಂಬ ಜಾತಿ ತನ್ನ ಪೊಳ್ಳು ಕುಡಿಯಲ್ಲಿ ಒಂದು ಬಗೆಯ ಇರುವೆಗೆ ಬಿಡಾರ ಕೊಟ್ಟಿದೆ. ಆ ಇರುವೆಗಳು ರಸದೊಳಗೆ ಈಜಿ, ಮುಳುಗಿ, ಬೇಟೆ ಎತ್ತಿಕೊಂಡು ಬರುತ್ತವೆ. ಆಂಪುಲೇರಿಯಾ ಅಂತೂ ಅರೆ ಸಸ್ಯಾಹಾರಿ. ಕಾಡಿನ ನೆಲದಲ್ಲಿ ಗುಂಪಾಗಿ ಕೂತು, ಮುಚ್ಚಳವನ್ನು ಹಿಂದಕ್ಕೆ ಸರಿಸಿಟ್ಟು, ಮೇಲಿಂದ ಉದುರುವ ತರಗೆಲೆಗೆ ಬಾಯಿ ಒಡ್ಡುತ್ತದೆ. ಮಲೇಷ್ಯಾದ ಕಡೆ ಅದರ ಹೂಜಿಗಳನ್ನು ತೊಳೆದು ಅಂಟಕ್ಕಿ, ತೆಂಗಿನಹಾಲು ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ಹಲಸಿನೆಲೆಯ ಕೊಟ್ಟೆ ಕಡುಬು ಉಣ್ಣುವ ನಾವು ಇದಕ್ಕೆ ಹುಬ್ಬೇರಿಸಬಾರದು.

ಈ ಗಿಡಕ್ಕೆ ಮನಸೋತವರಲ್ಲಿ ನನಗೆ ಅಕ್ಕರೆ ಇರುವುದು ಮೇರಿಯಾನ್ ನಾರ್ತ್ ಮೇಲೆ. ಒಬ್ಬಂಟಿಯಾಗಿ ಜಗತ್ತು ಸುತ್ತಿ ಗಿಡಮರಗಳ ತೈಲಚಿತ್ರ ಬರೆದ ಈ ಹೆಣ್ಣುಮಗಳು 1876ರಲ್ಲಿ ಸರಾವಾಕಿನಲ್ಲಿದ್ದಾಗ ಸುಣ್ಣಕಲ್ಲಿನ ಬೆಟ್ಟದಿಂದ ತಂದುಕೊಟ್ಟ ದೊಡ್ಡ ಹೂಜಿಗಳನ್ನು ಚಿತ್ರಿಸಿದರು. ಅಗಲವಾದ, ಕೆಂಪು ಗೆರೆಗಳ ಅಂಚು. ಲಂಡನ್ನಿನಲ್ಲಿ ಆ ಚಿತ್ರ ನೋಡಿದ ನರ್ಸರಿಯ ಒಡೆಯ ಹ್ಯಾರಿ ವೀಚ್ ತಕ್ಷಣ ಅದನ್ನು ಹುಡುಕಲು ಆಳು ಕಳಿಸಿದರು. ಗಿಡ ಸಿಕ್ಕಿತು, ನಾರ್ತಿಯಾನ ಎಂದು ಹೆಸರಾಯಿತು. ವಿಜ್ಞಾನಿಗಳಿಗಿಂತ ಮೊದಲು ಕುಂಚ ಕಂಡ ಜಾತಿ ಅದು. ಹೊಸ ಜಾತಿ ಎಂದು ಗೊತ್ತಿದ್ದೇ ಅವರು ಬರೆದದ್ದಲ್ಲ. ಚೆಲುವಾಗಿತ್ತು, ಬರೆದರು.

ಇಷ್ಟೆಲ್ಲ ಹೂಜಿಯ ಗುಣಗಾನದಲ್ಲಿ ನಿಜವಾದ ಹೂವನ್ನು ಮರೆತರೆ ಅದು ಬೇಸರಿಸಿಕೊಂಡೀತು. ಗಿಡ ಬಲಿತು ಬಳ್ಳಿಯಾಗಿ ಏರತೊಡಗಿದ ಮೇಲೆ ತುದಿಯಿಂದ ಒಂದು ಉದ್ದ ಕಡ್ಡಿ ಏಳುತ್ತದೆ, ಅದರ ತುಂಬ ದಳವೇ ಇಲ್ಲದ ಕಂದು ಹಸಿರು ಪುಟ್ಟ ಹೂಗಳು. ಅಲಂಕಾರವನ್ನೆಲ್ಲ ಎಲೆಗೆ ಖರ್ಚು ಮಾಡಿ ಹೂವಿಗೆ ಏನೂ ಉಳಿಸಿಕೊಂಡಿಲ್ಲ. ವಾಸನೆಯೂ ಅಷ್ಟಕ್ಕಷ್ಟೆ. ಇವುಗಳಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ನಮ್ಮದು ಗಂಡು. ಕೆಂಗೇರಿಯ ಗೆಳತಿಯ ಮನೆಯದು ಹೆಣ್ಣು, ಆದರೆ ಅದು ನಮ್ಮದಕ್ಕಿಂತ ತಡವಾಗಿ ಮೊಗ್ಗು ಬಿಡುತ್ತದೆ. ಅದಕ್ಕೇ ಈ ಸಲ ಪರಾಗವನ್ನು ಬೆಣ್ಣೆಕಾಗದದ ಮೇಲೆ ಉದುರಿಸಿಕೊಂಡು, ಮಡಚಿ, ಸಣ್ಣ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟಿದ್ದೇನೆ. ಮೊನ್ನೆ ಅತ್ತೆ ಮೊಸರು ತೆಗೆಯಲು ಹೋದವರು ಆ ಡಬ್ಬಿ ಎತ್ತಿ ನೋಡಿ, "ಈ ಅರಿಶಿನ ಯಾವ ದೇವಸ್ಥಾನದ್ದಮ್ಮಾ?" ಎಂದರು. ಕೆಂಗೇರಿಯ ಸಂಬಂಧ, ಇನ್ನೂ ಮಾತುಕತೆ ನಡೀತಿದೆ ಎಂದೆ.